ಸುದೊಮಾರಿ ಅಂದರೆ ರಾತ್ರಿ ಊಟ ಇಲ್ಲ ಅಂತ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪ್ರವಾಸದ ಪುಟದಲ್ಲಿ ಜಪಾನ್ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿದ್ದ ಒಂದು ಮಾತು ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಕೈಯಲ್ಲಿ ಫೋನ್ ಇದ್ದರೆ ಸಾಕು, ಜಪಾನಿ ಬರಹವನ್ನೆಲ್ಲ ಅದೇ ಇಂಗ್ಲಿಷ್ ಮಾಡಿಕೊಡುತ್ತದೆ, ಅನುವಾದಕರನ್ನು ಹುಡುಕುವ ಕಾಲ ಮುಗಿಯಿತು ಅಂತ ಬರೆದಿದ್ದರು. ನಾನು ಹನ್ನೆರಡು ವರ್ಷದಿಂದ ಜಪಾನ್ ಪ್ರವಾಸಗಳನ್ನು ಏರ್ಪಾಡು ಮಾಡುವ ಕೆಲಸದಲ್ಲಿದ್ದೇನೆ. ಅಲ್ಲಿನ ವಸತಿಗೃಹಗಳು, ಬಸ್ ಕಂಪನಿಗಳು, ಊರೂರಿನ ಪ್ರವಾಸಿ ಕಚೇರಿಗಳು ಕಳಿಸುವ ಜಪಾನಿ ಕಾಗದ ಇಂಗ್ಲಿಷಿಗೆ ಬಂದ ಮೇಲೆಯೇ ನನ್ನ ಕೆಲಸ ಶುರುವಾಗುವುದು. ನನಗೆ ಜಪಾನಿ ಅಲ್ಪಸ್ವಲ್ಪ ಬರುತ್ತದೆ. ಓದಿದ್ದನ್ನು ನಂಬಿ ದುಡ್ಡು ಕಟ್ಟುವಷ್ಟು ಬರುವುದಿಲ್ಲ. ಹಾಗಾಗಿ ಜಪಾನಿಯಿಂದ ಇಂಗ್ಲಿಷಿಗೆ ತರುವ ಒಳ್ಳೆಯವರನ್ನು ಹುಡುಕುವುದು ನನಗೆ ದಿನದ ಪಾಡು. ಅದರಲ್ಲಿ ಪೆಟ್ಟು ತಿಂದು ಕಲಿತದ್ದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತು, ಆದರೂ ಪೂರ್ತಿ ಹಾಕಿದರೆ ಜಪಾನಿಗೆ ಹೊರಟವರಿಗೂ, ಇಂಥ ಕೆಲಸದಲ್ಲಿರುವವರಿಗೂ ಉಪಯೋಗವಾಗುತ್ತದೆ.

ಮೊದಲು ನನ್ನ ಕೈಯಲ್ಲೇ ಆದ ಎಡವಟ್ಟು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹದಿನೆಂಟು ಜನರ ಗುಂಪು, ಅರ್ಧಕ್ಕರ್ಧ ಅರವತ್ತು ದಾಟಿದವರು. ಬೆಟ್ಟದ ಮೇಲಿನ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಒಂದು ರಾತ್ರಿ ತಂಗುವುದಿತ್ತು. ವಸತಿಗೃಹದವರು ಕಳಿಸಿದ ಜಪಾನಿ ಪತ್ರವನ್ನು ಕಡಿಮೆ ದರ ಹೇಳಿದ ಒಂದು ಏಜೆನ್ಸಿಗೆ ಕೊಟ್ಟೆ. ಎರಡೇ ಗಂಟೆಯಲ್ಲಿ ಇಂಗ್ಲಿಷ್ ಬಂತು. ಅದರಲ್ಲಿ ‘ಸಿಂಪಲ್ ಸ್ಟೇ’ ಅಂತ ಇತ್ತು. ಆಡಂಬರ ಇಲ್ಲದ ಕೋಣೆ ಇರಬೇಕು ಅಂತ ನಾನು ತಿಳಿದೆ. ಮೂಲದಲ್ಲಿದ್ದ ಪದ ಸುದೊಮಾರಿ. ಅಕ್ಷರಕ್ಕೆ ಅಕ್ಷರ ಇಟ್ಟರೆ ‘ಬರೀ ತಂಗುವುದು’. ವಸತಿಗೃಹದವರ ಬಾಯಲ್ಲಿ ಅದಕ್ಕೆ ಒಂದೇ ಅರ್ಥ: ರಾತ್ರಿ ಊಟ ಇಲ್ಲ, ಬೆಳಗಿನ ತಿಂಡಿಯೂ ಇಲ್ಲ. ಎರಡೂ ಬೇಕಿದ್ದರೆ ಪತ್ರದಲ್ಲಿ ‘ಇಪ್ಪಾಕು ನಿಶೊಕು’ ಅಂತ ಇರಬೇಕಿತ್ತು. ಒಂದು ರಾತ್ರಿ, ಎರಡು ಊಟ ಅಂತ.

ನಾವು ಅಲ್ಲಿ ಮುಟ್ಟಿದಾಗ ರಾತ್ರಿ ಏಳೂವರೆ. ಊರಿನಲ್ಲಿದ್ದ ಎರಡು ಅಂಗಡಿಗಳೂ ಬಾಗಿಲು ಹಾಕಿದ್ದವು. ಕೊನೆಯ ಬಸ್ ನಮ್ಮನ್ನು ಇಳಿಸಿ ಹೋಗಿಯಾಗಿತ್ತು. ಗುಂಪಿನಲ್ಲಿ ಸಕ್ಕರೆ ಕಾಯಿಲೆ ಇದ್ದ ಹಿರಿಯರೊಬ್ಬರಿದ್ದರು, ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ವಸತಿಗೃಹದ ಒಡತಿಗೆ ವಿಷಯ ಅರ್ಥವಾದ ಕೂಡಲೇ ತಮ್ಮ ಮನೆಯವರಿಗೆ ಅಂತ ಇಟ್ಟಿದ್ದ ಅನ್ನ ಬಿಸಿ ಮಾಡಿ, ಮಿಸೊ ಸಾರು ಕುದಿಸಿ, ಮೊಟ್ಟೆ ಬೇಯಿಸಿ ಮೊದಲು ಆ ಹಿರಿಯರಿಗೆ ಬಡಿಸಿದರು. ಆಮೇಲೆ ಮತ್ತೆ ಅಕ್ಕಿ ತೊಳೆದು ಇಟ್ಟರು. ಹದಿನೆಂಟು ಜನರ ಊಟ ಮುಗಿದಾಗ ಹತ್ತೂವರೆ. ಆ ತಾಯಿ ಒಂದು ಯೆನ್ ಜಾಸ್ತಿ ತೆಗೆದುಕೊಳ್ಳಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಅವರು ಅಕ್ಕಿ ತೊಳೆಯುವುದನ್ನು ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಘಂಟು ತೆಗೆದು ನೋಡಿದರೆ ಆ ಅನುವಾದ ಪೂರ್ತಿ ತಪ್ಪು ಅಂತಲೂ ಹೇಳಲಾಗುವುದಿಲ್ಲ. ಆದರೆ ಅದನ್ನು ಮಾಡಿದವರು ರ್ಯೋಕಾನ್ ಅನ್ನುವ ಇಂಥ ಸಾಂಪ್ರದಾಯಿಕ ವಸತಿಗೃಹ ಒಂದರಲ್ಲಿ ಒಂದು ರಾತ್ರಿಯೂ ತಂಗಿರಲಿಕ್ಕಿಲ್ಲ.

ಫೋನ್ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ಬಳಸುತ್ತೇನೆ. ಗೂಗಲ್ 2016ರಲ್ಲಿ ಹೊಸ ಬಗೆಯ ಅನುವಾದ ತಂದ ಮೇಲೆ, 2020ರಲ್ಲಿ ಡೀಪ್‌ಎಲ್ ಅನ್ನುವ ಇನ್ನೊಂದು ಅನುವಾದ ಯಂತ್ರ ಜಪಾನಿಯನ್ನು ಸೇರಿಸಿಕೊಂಡ ಮೇಲೆ ತುಂಬಾನೇ ಸುಧಾರಿಸಿದೆ. ಹೋಟೆಲಿನಲ್ಲಿ ಕೂತು ಮೆನು ನೋಡುವುದಕ್ಕೆ, ಬಸ್ ನಿಲ್ದಾಣದ ಬೋರ್ಡು ಓದುವುದಕ್ಕೆ ಸಾಕು. ತಪ್ಪಾದರೆ ಪಕ್ಕದವರನ್ನು ಕೇಳಬಹುದು. ಆದರೆ ಅಚ್ಚು ಹಾಕಿಸಿ ಸಾವಿರ ಜನರ ಕೈಗೆ ಕೊಡುವ ಹಾಳೆ, ದುಡ್ಡು ಕಟ್ಟಿಸಿಕೊಳ್ಳುವ ಕರಾರು, ಊಟದ ಪಟ್ಟಿ, ಭೂಕಂಪ ಆದಾಗ ಯಾವ ಕಡೆ ಓಡಬೇಕು ಅನ್ನುವ ಸೂಚನೆ, ಇವು ಬೇರೆ. ಅಲ್ಲಿ ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ. ಒಸಾಕಾ ಮೆಟ್ರೋದಂಥ ದೊಡ್ಡ ಸಂಸ್ಥೆಗೇ 2019ರಲ್ಲಿ ಹೀಗಾಯಿತು. ಅವರ ಇಂಗ್ಲಿಷ್ ಜಾಲತಾಣದಲ್ಲಿ ಯಂತ್ರದ ಅನುವಾದ ಇತ್ತು. ಸಾಕಾಯ್‌ಸುಜಿ ಅನ್ನುವ ಮಾರ್ಗದ ಹೆಸರು ಅದರಲ್ಲಿ ‘ಸಾಕಾಯ್ ಮಸಲ್’ ಆಗಿತ್ತು. ಸುಜಿ ಅಂದರೆ ಒಸಾಕಾದಲ್ಲಿ ತೆಂಕು-ಬಡಗು ಹೋಗುವ ಬೀದಿ. ಅದೇ ಅಕ್ಷರಕ್ಕೆ ಸ್ನಾಯು ಅಂತಲೂ ಅರ್ಥ ಇದೆ. ಸುದ್ದಿಯಾದ ಮೇಲೆ ಪುಟಗಳನ್ನು ತೆಗೆದು ಸರಿಪಡಿಸಿದರು. ಆ ತಪ್ಪು ಹೆಸರು ಓದಿಕೊಂಡು ರೈಲು ಹುಡುಕುವ ಪ್ರವಾಸಿಯ ಪಾಡು ಯೋಚನೆ ಮಾಡಿ.

ಯಾಕೆ ಹೀಗಾಗುತ್ತದೆ ಅಂದರೆ, ಜಪಾನಿ ಭಾಷೆ ಬಹಳಷ್ಟನ್ನು ಹೇಳದೆ ಬಿಡುತ್ತದೆ. ಕನ್ನಡದಲ್ಲೂ ನಾವು ‘ನಾನು’ ಬಿಟ್ಟು ಮಾತಾಡುತ್ತೇವೆ, ಆದರೆ ‘ಬರುತ್ತೇನೆ’ ಅಂದರೆ ಯಾರು ಅಂತ ಗೊತ್ತಾಗುತ್ತದೆ, ಅಲ್ವಾ? ಜಪಾನಿ ಕ್ರಿಯಾಪದದ ಕೊನೆಯಲ್ಲಿ ಆ ಗುರುತೂ ಇರುವುದಿಲ್ಲ. ಒಂದೋ ಹಲವೋ ಅನ್ನುವುದೂ ಎಷ್ಟೋ ಸಲ ತಿಳಿಯುವುದಿಲ್ಲ. ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕು ಅಂತ ಇದ್ದರೆ, ಗುಂಪಿನ ಮುಖ್ಯಸ್ಥರು ಮಾತ್ರವೋ ಎಲ್ಲರೂ ತೋರಿಸಬೇಕೋ? ಇಂಗ್ಲಿಷಿನಲ್ಲಿ ಬರೆಯುವವರು ಅದನ್ನು ತೀರ್ಮಾನ ಮಾಡಲೇಬೇಕು. ಯಂತ್ರ ಊಹಿಸಿ ಬರೆದುಬಿಡುತ್ತದೆ, ಊಹೆ ಅಂತ ಹೇಳುವುದೂ ಇಲ್ಲ. ಒಳ್ಳೆಯ ಅನುವಾದಕರು ವಸತಿಗೃಹಕ್ಕೆ ಕೇಳಿ ಕಳಿಸುತ್ತಾರೆ.

ಊರಿನ ಹೆಸರುಗಳಂತೂ ದೊಡ್ಡ ತಲೆನೋವು. ‘ದೊಡ್ಡ ಬೆಟ್ಟ’ ಅನ್ನುವ ಎರಡು ಅಕ್ಷರ ಇದೆ. ತೋಕಿಯೋ ಪಕ್ಕದ ಕಾನಾಗಾವಾದಲ್ಲಿ ಅದನ್ನು ಓಯಾಮಾ ಅಂತ ಓದುತ್ತಾರೆ. ದೂರದ ತೊತ್ತೊರಿಯಲ್ಲಿ ಅದೇ ಅಕ್ಷರ ದಾಯ್‌ಸೆನ್. ಎರಡೂ ಹೆಸರಾದ ಬೆಟ್ಟಗಳೇ, ಎರಡಕ್ಕೂ ಜನ ಚಾರಣ ಹೋಗುತ್ತಾರೆ. ತೋಕಿಯೋದಲ್ಲಿ ನಿಹೊನ್‌ಬಾಶಿ ಆಗುವ ಹೆಸರು ಒಸಾಕಾದಲ್ಲಿ ನಿಪ್ಪೊನ್‌ಬಾಶಿ. ತೋಕಿಯೋದ ಮಿತಾ, ಹ್ಯೊಗೊದಲ್ಲಿ ಸಾಂದಾ. ಹೆಸರು ತಪ್ಪಿದರೆ ಬೇರೆ ಊರಿನ ಟಿಕೆಟ್ ಕೊಂಡ ಹಾಗೆಯೇ. ಇದಕ್ಕೆಲ್ಲ ಒಂದು ಪದ್ಧತಿಯೂ ಇದೆ. ಜಪಾನ್ ಸರ್ಕಾರದ ಭೂಮಾಪನ ಸಂಸ್ಥೆ 2016ರಲ್ಲಿ ನಕ್ಷೆಗಳಲ್ಲಿ ಇಂಗ್ಲಿಷ್ ಹೆಸರು ಹೇಗೆ ಬರೆಯಬೇಕು ಅಂತ ನಿಯಮ ಮಾಡಿತು. ಫುಜಿಸಾನ್ ಅನ್ನುವುದು ಮೌಂಟ್ ಫುಜಿ ಆಗುತ್ತದೆ, ಆದರೆ ಗಸ್ಸಾನ್ ಅನ್ನುವುದು ಮೌಂಟ್ ಗಸ್ಸಾನ್ ಆಗಿಯೇ ಉಳಿಯುತ್ತದೆ. ‘ಸಾನ್’ ಅಂದರೂ ಬೆಟ್ಟವೇ, ಆದರೂ ಅದನ್ನು ಕಿತ್ತು ಬರೀ ‘ಗಸ್’ ಅಂದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಇಂಥದ್ದು ಗೊತ್ತಿರುವವರು ಬೇಕು.

ಇನ್ನೊಂದು ಬಗೆಯ ಕಷ್ಟ ವಿನಯದ್ದು. ಜಪಾನಿನಲ್ಲಿ ಬೇಡ ಅನ್ನುವುದನ್ನು ಬೇಡ ಅಂತ ಬರೆಯುವುದು ಕಡಿಮೆ. ದೇವಸ್ಥಾನದ ಬೋರ್ಡಿನಲ್ಲಿ ಫೋಟೋ ವಿಷಯದಲ್ಲಿ ‘ಗೊಎನ್‌ರ್ಯೊ ಕುದಸಾಯ್’ ಅಂತ ಇರುತ್ತದೆ. ದಯವಿಟ್ಟು ಸಂಕೋಚ ಇಟ್ಟುಕೊಳ್ಳಿ ಅನ್ನುವ ಹಾಗೆ ಕೇಳಿಸುತ್ತದೆ, ಅರ್ಥ ಮಾತ್ರ ‘ಫೋಟೋ ತೆಗೆಯುವಂತಿಲ್ಲ’ ಅಂತಲೇ. ಹಾಗೇ ಮೆತ್ತಗೆ ಇಂಗ್ಲಿಷಿಗೆ ಇಳಿಸಿದರೆ ಪ್ರವಾಸಿಗೆ ಅದು ಸಲಹೆಯ ಹಾಗೆ ಕಾಣುತ್ತದೆ, ಕ್ಯಾಮೆರಾ ತೆಗೆಯುತ್ತಾನೆ. ಆಮೇಲೆ ಪ್ರವಾಸಿಗಳಿಗೆ ಮರ್ಯಾದೆ ಇಲ್ಲ ಅನ್ನುವ ಮಾತು ಬರುತ್ತದೆ. ಕ್ಯೋಟೋದ ಗಿಯೊನ್ ಬಡಾವಣೆಯಲ್ಲಿ ಖಾಸಗಿ ಓಣಿಗಳಿಗೆ ಕಾಲಿಡುವವರಿಗೆ 10,000 ಯೆನ್ ದಂಡ ಅಂತ ಬೋರ್ಡು ಹಾಕುವವರೆಗೂ ಹೋಯಿತು. ಆ ಜಗಳವೆಲ್ಲ ಅನುವಾದದಿಂದ ಬಂದದ್ದು ಅಂತ ನಾನು ಹೇಳುವುದಿಲ್ಲ. ಆದರೆ ‘ಬೇಡ’ ಅನ್ನುವುದನ್ನು ಗೌರವದಿಂದ, ಸ್ಪಷ್ಟವಾಗಿ, ಇಂಗ್ಲಿಷಿನಲ್ಲಿ ಮೊದಲೇ ಹೇಳಿದ್ದರೆ ಎಷ್ಟೋ ಜನ ಕೇಳುತ್ತಿದ್ದರು ಅಂತ ನನಗೆ ನಂಬಿಕೆ ಇದೆ.

ಸರಿ, ಒಳ್ಳೆಯವರನ್ನು ಹುಡುಕುವುದು ಹೇಗೆ?

ಮೊದಲು ಯಾರು ಬೇಕು ಅಂತ ಗೊತ್ತಿರಬೇಕು. ದುಭಾಷಿ ಬೇರೆ, ಅನುವಾದಕ ಬೇರೆ. ದುಭಾಷಿ ಮಾತನ್ನು ಮಾತಿನಲ್ಲಿ ಹೇಳುವವರು. ಅನುವಾದಕರು ಬರೆದದ್ದನ್ನು ಬರೆಯುವವರು. ಜಪಾನಿನಲ್ಲಿ ಇವರಿಬ್ಬರ ಜೊತೆಗೆ ಮಾರ್ಗದರ್ಶಿ ದುಭಾಷಿಗಳು ಅಂತ ಮೂರನೆಯವರಿದ್ದಾರೆ. 1949ರ ಕಾನೂನಿನ ಪ್ರಕಾರ ಇವರಿಗೆ ಸರ್ಕಾರದ ಪರೀಕ್ಷೆ, ಸರ್ಕಾರದ ಪರವಾನಗಿ. ಪರೀಕ್ಷೆ ನಡೆಸುವುದು ಜಪಾನ್ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆ. ಭಾಷೆ ಮಾತ್ರವಲ್ಲ, ಜಪಾನಿನ ಭೂಗೋಳ, ಇತಿಹಾಸ ಎಲ್ಲ ಓದಬೇಕು. 2018ರ ಜನವರಿಯವರೆಗೆ ಪರವಾನಗಿ ಇಲ್ಲದವರು ದುಡ್ಡು ತೆಗೆದುಕೊಂಡು ಬೇರೆ ಭಾಷೆಯಲ್ಲಿ ಪ್ರವಾಸಿಗಳಿಗೆ ಮಾರ್ಗದರ್ಶನ ಮಾಡುವ ಹಾಗಿರಲಿಲ್ಲ. ಈಗ ಮಾಡಬಹುದು, ಪರವಾನಗಿ ಇರುವವರ ಹೆಸರನ್ನು ಮಾತ್ರ ಹಾಕಿಕೊಳ್ಳುವಂತಿಲ್ಲ. ಈ ಮಾರ್ಗದರ್ಶಿಗಳಿಗೆ ಸ್ಥಳದ ಜ್ಞಾನ ಅಪಾರ. ಹಾಗಂತ ಎಲ್ಲರೂ ಚೆಂದದ ಇಂಗ್ಲಿಷ್ ಪುಟ ಬರೆಯುತ್ತಾರೆ ಅಂತಿಲ್ಲ. ನಾನು ಅನುವಾದ ಆದ ಮೇಲೆ ಅಂಥವರೊಬ್ಬರಿಗೆ ಓದಲು ಕೊಡುತ್ತೇನೆ. ಬಸ್ಸಿನ ಹೆಸರು, ದೇವಸ್ಥಾನದ ಬಾಗಿಲು ಮುಚ್ಚುವ ಹೊತ್ತು, ಇಂಥ ತಪ್ಪು ಅವರ ಕಣ್ಣಿಗೆ ಥಟ್ಟನೆ ಬೀಳುತ್ತದೆ.

ಆಮೇಲೆ ಎನ್-1 ಪ್ರಮಾಣಪತ್ರ. ಬಯೋಡೇಟಾದಲ್ಲಿ ಎಲ್ಲರೂ ಮೊದಲ ಸಾಲಿನಲ್ಲೇ ಹಾಕುತ್ತಾರೆ. ಜಪಾನಿ ಸಾಮರ್ಥ್ಯ ಪರೀಕ್ಷೆಯ ಮೇಲಿನ ಮೆಟ್ಟಿಲು ಅದು, ಅದನ್ನು ದಾಟುವುದು ಸುಲಭ ಅಲ್ಲ, ದಾಟಿದವರ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಪರೀಕ್ಷೆಯಲ್ಲಿ ನೋಡುವುದು ಜಪಾನಿ ಓದಿ, ಕೇಳಿ ಅರ್ಥ ಮಾಡಿಕೊಳ್ಳುವುದನ್ನು. ಇಂಗ್ಲಿಷ್ ಬರೆಯುವುದನ್ನು ಅದರಲ್ಲಿ ಯಾರೂ ನೋಡುವುದಿಲ್ಲ. ಪ್ರವಾಸದ ಬರಹಕ್ಕೆ ಬೇಕಾದದ್ದು ಇಂಗ್ಲಿಷಿನ ಒಳ್ಳೆಯ ಬರಹಗಾರರು, ಜಪಾನಿ ಚೆನ್ನಾಗಿ ಬಲ್ಲವರು. ಈ ವೃತ್ತಿಯಲ್ಲಿ ಯಾವ ಭಾಷೆಯಲ್ಲಿ ಸರಾಗವಾಗಿ ಬರೆಯುತ್ತಾರೋ ಆ ಕಡೆಗೆ ಮಾತ್ರ ಅನುವಾದ ಮಾಡಬೇಕು ಅನ್ನುವ ಪದ್ಧತಿ ಇರುವುದು ಅದಕ್ಕೇ. ಜಪಾನಿಯಿಂದ ಇಂಗ್ಲಿಷಿಗೆ ಮಾಡುತ್ತೀರಾ, ಇಂಗ್ಲಿಷಿನಿಂದ ಜಪಾನಿಗೆ ಮಾಡುತ್ತೀರಾ ಅಂತ ಮೊದಲೇ ಕೇಳಿ. ‘ಎರಡೂ ಕಡೆ, ಯಾವ ವಿಷಯ ಆದರೂ’ ಅಂದರೆ ಸ್ವಲ್ಪ ತಡೆದು ಯೋಚಿಸಿ.

ಎಲ್ಲಿ ಸಿಗುತ್ತಾರೆ ಅಂತ ಕೇಳುವವರಿಗೆ: 1985ರಲ್ಲಿ ಶುರುವಾದ ಜಪಾನ್ ಅಸೋಸಿಯೇಷನ್ ಆಫ್ ಟ್ರಾನ್ಸ್‌ಲೇಟರ್ಸ್ ಅನ್ನುವ ಸಂಘ ಇದೆ, ಅನುವಾದಕರದ್ದೇ. ಅವರ ಸದಸ್ಯರ ಪಟ್ಟಿ ಜಾಲತಾಣದಲ್ಲೇ ಸಿಗುತ್ತದೆ, ಯಾರು ಯಾವ ವಿಷಯದವರು ಅಂತಲೂ ನೋಡಬಹುದು. ಅಮೆರಿಕನ್ ಟ್ರಾನ್ಸ್‌ಲೇಟರ್ಸ್ ಅಸೋಸಿಯೇಷನ್ ಜಪಾನಿಯಿಂದ ಇಂಗ್ಲಿಷಿಗೆ ಪ್ರತ್ಯೇಕ ಪರೀಕ್ಷೆ ಇಟ್ಟು ಪ್ರಮಾಣಪತ್ರ ಕೊಡುತ್ತದೆ, ಅದು ಕಠಿಣ ಪರೀಕ್ಷೆ. ತೋಕಿಯೋದಲ್ಲಿ 1980ರಿಂದ ಇರುವ ಸ್ವೆಟ್ ಅನ್ನುವ ಸಂಘದಲ್ಲಿ ಬರಹಗಾರರು, ಸಂಪಾದಕರು, ಅನುವಾದಕರು ಒಟ್ಟಿಗಿದ್ದಾರೆ. ನನಗೆ ಅತ್ಯುತ್ತಮ ಅನುವಾದಕಿ ಸಿಕ್ಕಿದ್ದು ಮಾತ್ರ ಬೇರೆ ದಾರಿಯಿಂದ. ಒಂದು ಸಣ್ಣ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂಗ್ಲಿಷ್ ವಿವರ ಓದಿ ಎಷ್ಟು ಇಷ್ಟವಾಯಿತು ಅಂದರೆ, ಕೌಂಟರಿನಲ್ಲಿ ನಿಂತು ಇದನ್ನು ಬರೆದವರು ಯಾರು ಅಂತ ಕೇಳಿದೆ. ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಅಲ್ಲಿನವರು ಕಡತ ತೆಗೆದು ಹುಡುಕಿ, ಅವರನ್ನು ಕೇಳಿ, ಒಪ್ಪಿಗೆ ಪಡೆದು ವಿಳಾಸ ಕೊಟ್ಟರು. ನೀವೂ ಹೀಗೆ ಮಾಡಿ. ಓದಿ ಖುಷಿಯಾದ ಇಂಗ್ಲಿಷ್ ಪುಟ ಸಿಕ್ಕರೆ ಬರೆದವರನ್ನು ಕೇಳಿ. ಅದರ ಜೊತೆಗೆ ನಿಮ್ಮ ಪುಸ್ತಿಕೆಯಲ್ಲಿ ಅನುವಾದಕರ ಹೆಸರು ಹಾಕಿ, ಮುಂದಿನವರು ಕಡತ ಹುಡುಕುವುದು ತಪ್ಪುತ್ತದೆ.

ಪರೀಕ್ಷೆ ಮಾಡಿಯೇ ತೆಗೆದುಕೊಳ್ಳಿ, ಆದರೆ ಪುಕ್ಕಟೆ ಮಾಡಿಸಬೇಡಿ. ನಿಮ್ಮದೇ ಕಾಗದದಿಂದ 400 ಅಕ್ಷರದಷ್ಟು ಕೊಡಿ, ಅಷ್ಟಕ್ಕೆ ದುಡ್ಡು ಕೊಡಿ. ಅದರಲ್ಲಿ ಒಂದು ಊರಿನ ಹೆಸರು, ಒಂದು ಊಟದ ವಿಷಯ, ಒಂದು ದರದ ನಿಯಮ ಇರಲಿ. ವಾಪಸ್ ಬಂದಾಗ ಇಂಗ್ಲಿಷ್ ಹೇಗಿದೆ ಅಂತ ನೋಡುವ ಮೊದಲು, ಪ್ರಶ್ನೆ ಏನೇನು ಕೇಳಿದ್ದಾರೆ ನೋಡಿ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಆ ವಸ್ತುಸಂಗ್ರಹಾಲಯದ ಅನುವಾದಕಿಗೆ ಮೊದಲ ಸಲ ಒಂದು ರ್ಯೋಕಾನಿನ ಎರಡು ಪುಟ ಕಳಿಸಿದ್ದೆ. ಒಂಬತ್ತು ಪ್ರಶ್ನೆ ಬಂದವು. ಒಂದು ಸ್ನಾನದ ಮನೆಯದ್ದು. ಮೂಲದಲ್ಲಿ ‘ಇರೆಕಾಎ’ ಅಂತ ಒಂದೇ ಪದ ಇತ್ತು, ಅದಲು ಬದಲು ಅಂತ ಅರ್ಥ. ಏನು ಅದಲು ಬದಲು, ಯಾವಾಗ ಅಂತ ಅವರು ಕೇಳಿದ್ದರು. ವಿಚಾರಿಸಿದರೆ ಗೊತ್ತಾಯಿತು: ಸಂಜೆ ಗಂಡಸರದ್ದಾಗಿದ್ದ ಸ್ನಾನದ ಮನೆ ಬೆಳಿಗ್ಗೆ ಹೆಂಗಸರದ್ದಾಗುತ್ತದೆ, ಎರಡು ಕಡೆಯ ನೋಟವನ್ನೂ ಎಲ್ಲರೂ ನೋಡಲಿ ಅಂತ. ರಾತ್ರಿ ಬಾಗಿಲ ಪರದೆ ಬದಲಾಯಿಸುತ್ತಾರೆ. ಇದು ಜಪಾನಿನವರಿಗೆ ಗೊತ್ತಿರುವ ಪದ್ಧತಿ, ಹಾಗಾಗಿ ಒಂದು ಪದ ಸಾಕು. ಹೊರಗಿನಿಂದ ಬಂದವರು ಸಂಜೆ ಹೋದ ಬಾಗಿಲಿಗೇ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಹೋಗುತ್ತಾರೆ, ಅಲ್ವಾ? ಅವರು ಇಂಗ್ಲಿಷಿನಲ್ಲಿ ಬರೆದದ್ದು ಎರಡು ಸಾಲು. ಗಂಡಸರ ಮತ್ತು ಹೆಂಗಸರ ಸ್ನಾನದ ಮನೆಗಳು ರಾತ್ರಿ ಅದಲು ಬದಲಾಗುತ್ತವೆ, ಬೆಳಿಗ್ಗೆ ಒಳಗೆ ಹೋಗುವ ಮೊದಲು ಬಾಗಿಲ ಪರದೆ ನೋಡಿ ಅಂತ.

ಇನ್ನೊಂದು ಪ್ರಶ್ನೆ ದಿಂಬಿನದ್ದು. ಪುಟದಲ್ಲಿ ‘ಸೊಬಾಗರ’ ದಿಂಬು ಅಂತ ಇತ್ತು, ಹಳೇ ಕಾಲದ ದಿಂಬು ಅಂತ ಹೆಮ್ಮೆಯಿಂದ ಹಾಕಿದ್ದರು. ಅದರೊಳಗೆ ತುಂಬುವುದು ಸೊಬಾ (ಇಂಗ್ಲಿಷಿನಲ್ಲಿ ಬಕ್‌ವೀಟ್) ಧಾನ್ಯದ ಹೊಟ್ಟು. ಸೊಬಾ ಅಲರ್ಜಿ ಇರುವವರಿಗೆ ಅದು ಅಪಾಯ. ಜಪಾನಿನಲ್ಲಿ ಪೊಟ್ಟಣದ ಆಹಾರದ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿ ಪದಾರ್ಥಗಳಲ್ಲಿ ಸೊಬಾ ಒಂದು, ಆದರೆ ದಿಂಬಿನ ಮೇಲೆ ಹಾಗೆ ಯಾರು ಬರೆಯುತ್ತಾರೆ? ಬೇರೆ ದಿಂಬು ಸಿಗುತ್ತದೆಯೇ, ಹಾಗಿದ್ದರೆ ಅದನ್ನೂ ಬರೆಯೋಣವೇ ಅಂತ ಅವರು ಕೇಳಿದರು. ಮೂರನೆಯದು ತರಕಾರಿ ಸಾರಿನದ್ದು. ತರಕಾರಿ ಅಂತ ಇದೆ, ತಳದ ಸಾರು ಒಣಮೀನಿನದ್ದೇ, ಹಾಗಿದ್ದರೆ ಸಸ್ಯಾಹಾರ ಅಂತ ಬರೆಯಲಾರೆ ಅಂದರು. ಬರೆಯಲಾರೆ ಅಂದದ್ದು ನನಗೆ ತುಂಬಾ ಹಿಡಿಸಿತು. ಆ ವಸತಿಗೃಹದವರು ಆಮೇಲೆ ಕಡಲಪಾಚಿಯ ಸಾರು ಬೇರೆ ಮಾಡಿಕೊಡಲು ಒಪ್ಪಿಕೊಂಡರು.

ಪ್ರಶ್ನೆಯೇ ಕೇಳದೆ ಎರಡು ಗಂಟೆಯಲ್ಲಿ ಕಳಿಸಿದವರ ಕೆಲಸ ನೋಡಿ ನಾನು ಈಗ ಖುಷಿ ಪಡುವುದಿಲ್ಲ.

ದರದ ಬಗ್ಗೆ ಎಲ್ಲರಿಗೂ ಗೊಂದಲ. ಜಪಾನಿಯಿಂದ ಮಾಡುವಾಗ ಸಾಮಾನ್ಯವಾಗಿ ಮೂಲದ ಅಕ್ಷರ ಎಣಿಸಿ, ಅಕ್ಷರಕ್ಕೆ ಇಷ್ಟು ಯೆನ್ ಅಂತ ಹೇಳುತ್ತಾರೆ. ಕೆಲವರು ಇಂಗ್ಲಿಷ್ ಪದಕ್ಕೆ ಇಷ್ಟು ಅಂತ ಹೇಳುತ್ತಾರೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಪದದವರು ದುಬಾರಿ ಅಂದುಕೊಳ್ಳಬೇಡಿ. ಅಲ್ಲಿನ ಬರೆಯುವ ಹಾಳೆಯಲ್ಲಿ 400 ಚೌಕ ಇರುತ್ತದೆ, ಆ ಒಂದು ಹಾಳೆ ಇಂಗ್ಲಿಷಿನಲ್ಲಿ ಸುಮಾರು 160ರಿಂದ 200 ಪದ ಆಗುತ್ತದೆ. ಅಂದರೆ ಅಕ್ಷರಕ್ಕೆ 10 ಯೆನ್ ಅಂದರೂ, ಪದಕ್ಕೆ 20ರಿಂದ 25 ಯೆನ್ ಅಂದರೂ ಲೆಕ್ಕ ಒಂದೇ. ಇದು ಉದಾಹರಣೆ ಮಾತ್ರ, ಒಳ್ಳೆಯವರ ದರ ಇದಕ್ಕಿಂತ ಜಾಸ್ತಿಯೇ ಇರುತ್ತದೆ, ಇರಲೂಬೇಕು. ಏಜೆನ್ಸಿಗೆ ಕೊಡುವುದಾದರೆ ಒಂದು ಪ್ರಶ್ನೆ ಕೇಳಿ: ಎರಡನೇ ಕಣ್ಣು ಯಾರದ್ದು? ಐಎಸ್‌ಒ 17100 ಅನ್ನುವ 2015ರ ಮಾನದಂಡದಲ್ಲಿ ಅನುವಾದ ಮಾಡಿದವರಲ್ಲದೆ ಇನ್ನೊಬ್ಬರು ಮೂಲದ ಜೊತೆ ಹೋಲಿಸಿ ಓದಲೇಬೇಕು ಅಂತ ಇದೆ. ಆ ಇನ್ನೊಬ್ಬರು ಯಾರು ಅಂತ ಹೇಳಲು ತಡವರಿಸಿದರೆ ಬೇರೆ ಕಡೆ ನೋಡಿ.

ನಮ್ಮ ಕಡೆಯಿಂದಲೂ ತಪ್ಪಾಗುತ್ತದೆ. ನಾವು ಎಕ್ಸೆಲ್ ಹಾಳೆಯಲ್ಲಿ ಪದಗಳನ್ನು ಬಿಡಿ ಬಿಡಿ ಮಾಡಿ, ಫೋಟೋ ಇಲ್ಲದೆ, ಹಿಂದೆ ಮುಂದೆ ಇಲ್ಲದೆ ಕಳಿಸುತ್ತೇವೆ. ಒಂದು ಚೌಕದಲ್ಲಿ ‘ಯು’ ಅಂತ ಒಂದೇ ಅಕ್ಷರ ಇದ್ದರೆ ಅದು ಬಿಸಿನೀರೋ, ಸ್ನಾನದ ಮನೆಯೋ, ಬಾಗಿಲ ಪರದೆಯ ಮೇಲಿನ ಬರಹವೋ? ‘ಸೊಬಾ’ ಅನ್ನುವುದನ್ನು ಬರೀ ಉಚ್ಚಾರದ ಅಕ್ಷರದಲ್ಲಿ ಬರೆದರೆ ಊಟದ ಶಾವಿಗೆಯೂ ಹೌದು, ‘ಹತ್ತಿರ’ ಅಂತಲೂ ಹೌದು. ಪೂರ್ತಿ ಪುಟ ಕಳಿಸಿ, ಚಿತ್ರ ಕಳಿಸಿ, ಇದನ್ನು ಓದುವವರು ಯಾರು ಅಂತ ಹೇಳಿ. ಮಹಡಿ ವಿಷಯ ಗೊತ್ತಲ್ಲ, ಜಪಾನಿನಲ್ಲಿ ನೆಲಮಹಡಿಯೇ 1ನೇ ಮಹಡಿ. ಬ್ರಿಟಿಷ್ ರೀತಿಯ ಇಂಗ್ಲಿಷ್ ಓದಿ ಬೆಳೆದವರು ಮೆಟ್ಟಿಲು ಹತ್ತಿಬಿಡುತ್ತಾರೆ.

ರೈಲಿನ ವಿಷಯ ಬಂದರೆ ಆ ಕ್ಷೇತ್ರದ ಪದಗಳನ್ನು ಬಿಟ್ಟು ಸ್ವಂತ ಪದ ಕಟ್ಟಬಾರದು. ತೊಕ್ಕ್ಯೂ ಅಂದರೆ ಇಂಗ್ಲಿಷಿನಲ್ಲಿ ಲಿಮಿಟೆಡ್ ಎಕ್ಸ್‌ಪ್ರೆಸ್, ಕೈಸೊಕು ಅಂದರೆ ರ‍್ಯಾಪಿಡ್. ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಲ್ಲಿ ಮೊದಲನೆಯದಕ್ಕೆ ಮಾಮೂಲಿ ಟಿಕೆಟ್ ಜೊತೆ ಇನ್ನೊಂದು ಟಿಕೆಟ್ ಬೇಕು, ಎರಡನೆಯದಕ್ಕೆ ಬೇಡ. ಎರಡನ್ನೂ ‘ಫಾಸ್ಟ್ ಟ್ರೈನ್’ ಅಂತ ಬರೆದರೆ ಪ್ರವಾಸಿ ರೈಲಿನೊಳಗೆ ದುಡ್ಡು ಕಟ್ಟಬೇಕಾಗುತ್ತದೆ. ಹಾಗೆಯೇ ಬುಲೆಟ್ ರೈಲಿನ ಮಾರ್ಗಗಳಾದ ತೊಕಾಯ್ದೊ, ಸಾನ್‌ಯೊ, ಕ್ಯೂಶು ಶಿಂಕಾನ್‌ಸೆನ್‌ಗಳಲ್ಲಿ 2020ರ ಮೇ ತಿಂಗಳಿಂದ, ಉದ್ದ ಅಗಲ ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟಿದ ಪೆಟ್ಟಿಗೆಗೆ ಜಾಗ ಇರುವ ಸೀಟನ್ನು ಮೊದಲೇ ಕಾಯ್ದಿರಿಸಬೇಕು. ಇಲ್ಲದಿದ್ದರೆ 1,000 ಯೆನ್. ‘ಕೂಡಿಸಿ’ ಅನ್ನುವ ಒಂದು ಮಾತು ಅನುವಾದದಲ್ಲಿ ಬಿಟ್ಟುಹೋದ ಹಾಳೆ ನನ್ನ ಮೇಜಿಗೆ ಬಂದಿತ್ತು. ಅಷ್ಟು ಉದ್ದದ ಪೆಟ್ಟಿಗೆ ಯಾರ ಹತ್ತಿರವೂ ಇಲ್ಲವಲ್ಲ ಅಂತ ಎಲ್ಲರೂ ಸುಮ್ನೆ ಹೋಗಿಬಿಡುತ್ತಿದ್ದರು.

ಒಂದು ಸಲ ಅನುವಾದ ಮಾಡಿಸಿ ಐದು ವರ್ಷ ಅದನ್ನೇ ಹಂಚುವುದೂ ಆಗಬಾರದು. ಫುಜಿ ಬೆಟ್ಟ ನೋಡಿ. 2024ರಲ್ಲಿ ಯಾಮಾನಾಶಿ ಕಡೆಯ ಯೊಶಿದಾ ದಾರಿಗೆ 2,000 ಯೆನ್, ಬೆಟ್ಟದ ಗುಡಿಸಲಿನಲ್ಲಿ ಜಾಗ ಕಾಯ್ದಿರಿಸದವರಿಗೆ ಸಂಜೆ 4ಕ್ಕೆ ಬಾಗಿಲು ಬಂದ್. 2025ಕ್ಕೆ 4,000 ಯೆನ್ ಆಯಿತು, ಬಾಗಿಲು ಮಧ್ಯಾಹ್ನ 2ಕ್ಕೇ ಬಂದ್. ಹಳೇ ಇಂಗ್ಲಿಷ್ ಹಾಳೆ ಹಿಡಿದು 3 ಗಂಟೆಗೆ ಅಲ್ಲಿಗೆ ಹೋದವರು ಬೆಟ್ಟ ಹತ್ತದೆ ವಾಪಸ್ ಬರಬೇಕು. ಅದೇ ಅನುವಾದಕರ ಜೊತೆ ಪ್ರತಿ ವರ್ಷ ಒಂದು ಸಲ ಹಳೆಯದನ್ನು ನೋಡಿಸಿ ತಿದ್ದಿಸುವ ಒಪ್ಪಂದ ಮಾಡಿಕೊಳ್ಳಿ, ಖರ್ಚು ತುಂಬಾ ಕಡಿಮೆ.

ಇನ್ನು ಕೋಟೆ, ದೇವಸ್ಥಾನಗಳ ಇತಿಹಾಸದ ಫಲಕಗಳು. ಇಲ್ಲಿ ಅನುವಾದವೇ ಸಾಲದು ಅನ್ನಿಸುತ್ತದೆ. ಮೂಲದಲ್ಲಿ ‘ಕೇಚೊ 8ರಲ್ಲಿ ಇಎಯಾಸು’, ಅಂದರೆ ಕೇಚೊ ಶಕೆಯ 8ನೇ ವರ್ಷದಲ್ಲಿ ಇಎಯಾಸು, ಅಂತ ಇರುತ್ತದೆ. ಅಲ್ಲಿ ಶಾಲೆಯಲ್ಲಿ ಓದಿದವರಿಗೆ ಅಷ್ಟು ಸಾಕು. ಹೊರಗಿನವರಿಗೆ ಅದು 1603, ತೊಕುಗಾವಾ ಇಎಯಾಸು ಶೋಗುನ್ (ದೇಶ ಆಳುವ ಸೇನಾನಾಯಕ) ಆದ ವರ್ಷ, ಆ ಮನೆತನ ಮುಂದೆ ಎರಡೂವರೆ ಶತಮಾನ ಆಳಿತು ಅಂತ ಹೇಳಬೇಕು. ಜಪಾನಿನ ಪ್ರವಾಸೋದ್ಯಮ ಇಲಾಖೆಗೆ ಇದು ಅರ್ಥವಾಗಿದೆ. 2018ರಿಂದ ಅವರು ಇಂಗ್ಲಿಷ್ ಬರಹಗಾರರನ್ನು ಸ್ಥಳಕ್ಕೇ ಕಳಿಸಿ, ಅಲ್ಲಿನವರನ್ನು ಮಾತಾಡಿಸಿ, ಮೊದಲಿನಿಂದ ಇಂಗ್ಲಿಷಿನಲ್ಲೇ ಬರೆಸುವ ಯೋಜನೆ ನಡೆಸಿದ್ದಾರೆ. ಅಂಥ ಫಲಕ ಕಂಡರೆ ನಿಂತು ಓದಿ, ವ್ಯತ್ಯಾಸ ಗೊತ್ತಾಗುತ್ತದೆ. 2024ರಲ್ಲಿ ಜಪಾನಿಗೆ ಸುಮಾರು 3 ಕೋಟಿ 69 ಲಕ್ಷ ವಿದೇಶಿಯರು ಬಂದರು, 2030ಕ್ಕೆ 6 ಕೋಟಿ ಬರಬೇಕು ಅನ್ನುವುದು ಸರ್ಕಾರದ ಗುರಿ. ಅಷ್ಟು ಜನಕ್ಕೆ ಬೇಕಾದ ಇಂಗ್ಲಿಷ್ ಬರೆಯುವ ಕೈಗಳು ಸಾಲದಾಗುವ ಹೊತ್ತಿನಲ್ಲಿ, ಅನುವಾದಕರು ಬೇಡ ಅಂತ ಒಂದು ಪತ್ರಿಕೆ ಬರೆದದ್ದು ನನಗೆ ನೋವು ತಂದಿತು.

ಕೊನೆಗೆ ಒಂದು ಕೋರಿಕೆ. ಅದೇ ಬರಹದ ಪಕ್ಕದ ಚೌಕದಲ್ಲಿ ಕಡಿಮೆ ದರದ ರ್ಯೋಕಾನ್ ಯೋಜನೆ ಅಂತ ನೀವು ಕೊಟ್ಟಿದ್ದ ಮೂರರಲ್ಲಿ ಎರಡು ಸುದೊಮಾರಿ. ಊಟದ ವಿಷಯ ಅಲ್ಲಿ ಇರಲಿಲ್ಲ. ಅದನ್ನು ನೋಡಿ ಯಾರಾದರೂ ಆಗಲೇ ದುಡ್ಡು ಕಟ್ಟಿರಬಹುದು. ದಯವಿಟ್ಟು ಮುಂದಿನ ವಾರದ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿ: ಸುದೊಮಾರಿ ಅಂದರೆ ಊಟ ತಿಂಡಿ ಇಲ್ಲ, ಎರಡೂ ಬೇಕಿದ್ದರೆ ಇಪ್ಪಾಕು ನಿಶೊಕು ಅಂತ ಕೇಳಿ ಕಾಯ್ದಿರಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರೊಬ್ಬರು